ಸೇರಿನ ಲೆಕ್ಕ, ನೋವಿನ ಲೆಕ್ಕ

ಆ ಟೈಂಪೀಸಿಗೆ ನಮ್ಮಮ್ಮ ಕೊಟ್ಟದ್ದು ಎರಡು ಕೋಳಿ, ಅದರಲ್ಲೊಂದು ದಿನ ಬಿಟ್ಟು ದಿನ ಮೊಟ್ಟೆಯಿಡುತ್ತಿದ್ದ ಕೋಳಿ. ಮೇಲೆ ನಾಲ್ಕು ಸೇರು ಬೀಜ ಬಿಡಿಸಿದ ಹುಣಸೆಹಣ್ಣು. ಮಾರಿದವರು ಸಿರಾದ ರಹಮತ್ ಸಾಬರು. ಪ್ರತಿ ಬೇಸಿಗೆ ಟೆಂಪೋ ತಂದು ನಮ್ಮೂರಿನ ಹುಣಸೆಹಣ್ಣನ್ನು ಮನೆ ಮನೆಯಿಂದ ಕೊಳ್ಳುತ್ತಿದ್ದ ವ್ಯಾಪಾರಿ ಅವರು. ಹಸಿರು ಬಣ್ಣದ, ಕೀ ಕೊಡುವ ಹಳೇ ಟೈಂಪೀಸು. ಒಂದು ಕಾಲಿನ ಕೆಳಗೆ ಕಲ್ಲಿನ ಚೂರಿಟ್ಟು ಓರೆ ಮಾಡಿದರೆ ಮಾತ್ರ ನಡೆಯುತ್ತಿತ್ತು. ಇವತ್ತು ಯಾರಾದರೂ ನನ್ನ ಮುಂದೆ ಅಂಥ ಮಾಲು ತಂದಿಟ್ಟರೆ ಒಂದು ಕೋಳಿಗೂ ಕೊಳ್ಳುವುದಿಲ್ಲ. ಆದರೆ ಕೊಳ್ಳುವವರ ಅವಸರ ಮಾರುವವರಿಗೆ ಗೊತ್ತಾಯಿತೆಂದರೆ ಚೌಕಾಸಿ ಅಲ್ಲಿಗೆ ಮುಗಿಯಿತು. ಅಮ್ಮನ ಅವಸರ ಎಂಥದೆಂದರೆ ಮನೆಯಲ್ಲಿ ತುಂಬು ಬಸುರಿ ಇದ್ದಳು, ಗಡಿಯಾರ ಇರಲಿಲ್ಲ.

ಬಸುರಿ ಎಂದರೆ ನಮ್ಮಪ್ಪನ ತಂಗಿ, ಪುಟ್ಟತ್ತೆ. ಪಾವಗಡದ ಕಡೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಧುಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮಗುವಿನ ತಲೆ ಮೇಲಿದೆ, ಕುಂಡೆ ಕೆಳಗಿದೆ, ಇದನ್ನು ಮನೆಯಲ್ಲಿ ಹೆರಿಸುವ ಮಾತೇ ಆಡಬೇಡಿ, ನೋವು ಹಿಡಿದುಕೊಂಡ ಕೂಡಲೇ ಕರೆದುಕೊಂಡು ಬನ್ನಿ ಎಂದಿದ್ದರು. ನಾವು ಕರೆದುಕೊಂಡು ಹೋದೆವು. ಒಂದು ಸಲವಲ್ಲ, ಹದಿನೈದು ದಿನದಲ್ಲಿ ಎರಡು ಸಲ. ಎರಡು ಸಲವೂ ಹೊಟ್ಟೆ ಕಲ್ಲಿನಂತೆ ಬಿಗಿಯಾಗಿ ಅತ್ತೆ ಒದ್ದಾಡುತ್ತಿದ್ದವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಅರ್ಧ ಗಂಟೆಗೆ ಸರಿಹೋಗಿ, ಬೋಂಡ ತಿನ್ನಬೇಕು ಎಂದಳು. ಎರಡನೇ ಸಲ ವಾಪಸ್ ಬರುವಾಗ ಕಂಡಕ್ಟರ್ ಬಸ್ಸಿಗೆಲ್ಲ ಕೇಳುವ ಹಾಗೆ ನಗೆಯಾಡಿದ.

“ಏನಜ್ಜಿ, ಓಗೋವಾಗ್ಲೂ ಮೂರು ಜನ, ಬರೋವಾಗ್ಲೂ ಮೂರೇನಾ?”

ಬಸ್ಸು ನಕ್ಕಿತು. ಅಜ್ಜಿ ಸೆರಗು ತಲೆಗೆಳೆದುಕೊಂಡು ಕಿಟಕಿ ಕಡೆ ತಿರುಗಿದವಳು ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ. ಊರಲ್ಲಿ ಅವಳ ಮಾತಿಗೆ ತೂಕವಿತ್ತು. ಯಾರ ಮನೆಯ ಹಣ್ಣು ಎಷ್ಟು ತೂಗುತ್ತದೆಂದು ಮರ ನೋಡಿಯೇ ಹೇಳುತ್ತಿದ್ದ ಹೆಂಗಸು ಮಗಳ ಹೊಟ್ಟೆ ನೋಡಿ ಎರಡು ಸಲ ತಪ್ಪು ಹೇಳಿದ್ದಳು. ಮೂರನೇ ಸಲ ಗ್ಯಾರಂಟಿ ಆಗದೆ ಬಸ್ ಹತ್ತುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಬರೆದುಕೊಂಡಳೆಂದು ಕಾಣುತ್ತದೆ.

ಆ ದಿನವೇ ಆಸ್ಪತ್ರೆಯ ನರ್ಸಮ್ಮ ಅಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಸುಳ್ಳು ನೋವು ಬರುತ್ತದೆ, ಹೋಗುತ್ತದೆ, ಅದಕ್ಕೆ ಶಿಸ್ತಿಲ್ಲ. ಎದ್ದು ಓಡಾಡಿದರೆ, ಮಗ್ಗುಲು ಬದಲಾಯಿಸಿದರೆ, ನೀರು ಕುಡಿದರೆ ಇಳಿಯುತ್ತದೆ. ನಿಜವಾದ ನೋವು ಏನು ಮಾಡಿದರೂ ಇಳಿಯುವುದಿಲ್ಲ. ಬರಬರುತ್ತಾ ಹತ್ತಿರವಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ, ಜೋರಾಗುತ್ತದೆ. ನೋವು ಶುರುವಾದಾಗ ಗಡಿಯಾರ ನೋಡಿ, ಮತ್ತೆ ಮುಂದಿನ ನೋವು ಶುರುವಾದಾಗ ನೋಡಿ. ಕಾಲು ಗಂಟೆಗೊಂದರಂತೆ ತಪ್ಪದೆ ಬರತೊಡಗಿದರೆ ನಿಮ್ಮ ದೂರಕ್ಕೆ ಅಷ್ಟು ಸಾಕು, ಹೊರಟುಬಿಡಿ. ಅಮ್ಮ ಇಷ್ಟನ್ನೂ ಒಂದಕ್ಷರ ಬಿಡದೆ ಮನೆಗೆ ಹೊತ್ತು ತಂದಳು. ವಾರದೊಳಗೆ ಕೋಳಿ ಕೊಟ್ಟು ಟೈಂಪೀಸು ತಂದಳು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಕೋಳಿ ಮೊಟ್ಟೆ ಇಕ್ತಿತ್ತು. ಇದೇನ್ ಇಕ್ತದಮ್ಮಿ?”

“ಟೈಮು ತೋರ್ಸ್ತೈತೆ ಅತ್ತೆಮ್ಮ.”

“ಓರೆಯಾಗಿ ಕುಂತ್ರೆ ಮಾತ್ರ ನಡೆಯೋ ಗಡಿಯಾರ ನೇರ ಟೈಮ್ ತೋರ್ಸ್ತದಾ? ಆ ಸಾಬ್ರು ನಿನ್ ಮಕ ನೋಡ್ಕಂಡೇ ಮಾರವ್ರೆ ಬುಡು.”

ಅಮ್ಮನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅಜ್ಜಿಗೂ ಬರುತ್ತಿರಲಿಲ್ಲ. ಅಪ್ಪನಿಗೆ ಬರುತ್ತಿತ್ತು, ಆದರೆ ಅವರು ಬುಕ್ಕಾಪಟ್ಟಣದ ಕಡೆ ಗುತ್ತಿಗೆ ಹಿಡಿದ ಮರಗಳ ಹಣ್ಣು ಬಡಿಸಲು ಹೋದವರು ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಐದನೇ ಕ್ಲಾಸಿನ ನಾನು, ರತ್ನಿ, ಆ ಮನೆಯಲ್ಲಿ ಗಂಟೆ ನೋಡಿ ಹೇಳಬಲ್ಲ ಒಂದೇ ಆಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೆಲಸ ನಿಮಗೆ ಗೊತ್ತಿದ್ದರೆ ನಿಮ್ಮ ಪಾಲಿನ ಮುದ್ದೆ ಸ್ವಲ್ಪ ದೊಡ್ಡದಾಗುತ್ತದೆ. ಇದನ್ನು ನಾನು ಆ ವಾರ ಕಲಿತೆ.

ನಮ್ಮ ಮನೆಗೆ ಗಡಿಯಾರ ಬೇಕಿರಲಿಲ್ಲ ಎಂದು ಅಜ್ಜಿ ಅಂದುಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿ ಹೊತ್ತು ಅಳೆಯುತ್ತಿದ್ದುದೇ ಸೇರಿನಲ್ಲಿ. ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ನಮ್ಮ ಪಡಸಾಲೆ ಹುಣಸೆಹಣ್ಣಿನದು. ಒಂದು ಮೂಲೆಯಲ್ಲಿ ಸಿಪ್ಪೆ ಸುಲಿದ ಹಣ್ಣಿನ ರಾಶಿ, ನಡುವೆ ಚಪ್ಪಡಿ ಕಲ್ಲುಗಳು, ಒಂದೊಂದು ಕಲ್ಲಿನ ಮುಂದೆ ಕಾಲು ಚಾಚಿ ಕೂತ ಹೆಂಗಸರು. ಕಬ್ಬಿಣದ ತುಂಡಿನಿಂದ ಹಣ್ಣಿನ ಮೇಲೆ ಒಂದು ಏಟು, ತಿರುಗಿಸಿ ಇನ್ನೊಂದು ಏಟು, ಬೀಜ ಹಾರಿ ಈ ಕಡೆ, ಹಣ್ಣು ಆ ಕಡೆ. ಮನೆಯ ಬಟ್ಟೆ, ಹಾಸಿಗೆ, ಅನ್ನ ಎಲ್ಲಕ್ಕೂ ಹುಳಿಯ ವಾಸನೆ. ಎಲ್ಲರ ಮುಂದಿನ ಬೀಜವನ್ನೂ ಬಳಿದು ಅಜ್ಜಿ ತನ್ನ ಹಿತ್ತಾಳೆಯ ಸೇರಿಗೆ ತುಂಬುತ್ತಿದ್ದಳು. ತುಂಬಿದ ಸೇರನ್ನು ಮೂಟೆಗೆ ಸುರಿಯುವವರೆಗೆ ಯಾರೂ ಏಳುವ ಹಾಗಿಲ್ಲ. ಎಲೆಯಡಿಕೆಗೆ ಎರಡು ಸೇರಿಗೊಂದು ಬಿಡುವು. ಸಾರು ಕುದಿಯಲು ಒಂದು ಸೇರು, ಹುರುಳಿ ಬೇಯಲು ಮೂರು ಸೇರು. ನಾನು ಸ್ಕೂಲಿಗೆ ಹೊರಡುವುದು ಬೆಳಗಿನ ನಾಲ್ಕನೇ ಸೇರಿಗೆ. ಮಗ್ಗಿ ಒಪ್ಪಿಸುವಾಗ ತಡವರಿಸಿದರೆ, “ಅರ್ಧ ಸೇರು ಆಯ್ತು, ಇನ್ನೂ ಏಳರಲ್ಲೇ ಅವ್ಳೆ” ಎಂದು ಬೈಗುಳ.

ಮೂರನೇ ಸಲ ನೋವು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಸ್ಕೂಲು ಅರ್ಧ ದಿನವಿದ್ದರೂ ಅಮ್ಮ ನನ್ನನ್ನು ಕಳಿಸಲಿಲ್ಲ. ಗಡಿಯಾರದ ಮುಂದೆ ಕೂರಿಸಿದಳು. ಅವತ್ತೇ ಸಾಬರ ಟೆಂಪೋ ಬರುವ ದಿನ. ಕೊನೆಯ ಎರಡು ಮೂಟೆ ಹಣ್ಣು ಕುಟ್ಟುವುದು ಬಾಕಿಯಿತ್ತು. ಪಡಸಾಲೆಯಲ್ಲಿ ಮೂರು ಕಲ್ಲು, ಮೂರು ಜನ: ಅಜ್ಜಿ, ಅಮ್ಮ, ಕೂಲಿಗೆ ಬರುತ್ತಿದ್ದ ಹನುಮಕ್ಕ. ಪುಟ್ಟತ್ತೆ ಕಂಬಕ್ಕೆ ಒರಗಿ, ಕುಟ್ಟಿದ ಹಣ್ಣಿನ ನಾರು ತೆಗೆಯುತ್ತಿದ್ದಳು. ನೋವು ಬಂದಾಗ ಅವಳ ಬೆರಳು ನಿಲ್ಲುತ್ತಿತ್ತು. ಬಾಯಿ ಕೂಗುವ ಮೊದಲು ಬೆರಳು ನಿಲ್ಲುವುದನ್ನು ನಾನು ಕಂಡುಕೊಂಡೆ. ಬೆರಳು ನಿಂತ ಕೂಡಲೇ ಟೈಂಪೀಸು ನೋಡಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇಪ್ಪತ್ತು ನಿಮಿಷ. ಆಮೇಲಿನದು ಇಪ್ಪತ್ತೆರಡು. ಮತ್ತೆ ಇಪ್ಪತ್ತು. ಅಜ್ಜಿಯೂ ತನ್ನ ಲೆಕ್ಕ ಇಟ್ಟಿದ್ದಳು.

“ಸೇರಿಗೊಂದು ನೋವು. ಹಿಂಗೆ ಬಂದ್ರೆ ಏನೂ ಆಗಲ್ಲ. ನಿಜವಾದ ನೋವಾಗಿದ್ರೆ ಅರ್ಧ ಸೇರಿಗೆ ಬರ್ಬೇಕು, ಕಾಲು ಸೇರಿಗೆ ಬರ್ಬೇಕು. ಜೀರಿಗೆ ಕಸಾಯ ಮಾಡ್ಕೊಡಮ್ಮಿ, ಸುಳ್ಳು ನೋವಾದ್ರೆ ಓಯ್ತದೆ.”

ಅಮ್ಮ ಕಷಾಯ ಕಾಯಿಸಿ ಕೊಟ್ಟಳು. ಅತ್ತೆ ಕುಡಿದಳು, ಅಂಗಳದಲ್ಲಿ ನಾಲ್ಕು ಸುತ್ತು ಓಡಾಡಿದಳು, ಎಡಮಗ್ಗುಲಾಗಿ ಮಲಗಿದಳು. ನೋವು ಹೋಗಲಿಲ್ಲ. ಹನ್ನೊಂದರ ಹೊತ್ತಿಗೆ, ಟೆಂಪೋ ಆಗಲೇ ಊರಿಗೆ ಬಂದು ಕೆಳಗಿನ ಬೀದಿಯಲ್ಲಿ ಮೂಟೆ ಹೇರುತ್ತಿದೆ ಎಂಬ ಸುದ್ದಿ ಬಂತು. ಇನ್ನೂ ಒಂದೂವರೆ ಮೂಟೆ ಬಾಕಿ. ಅಜ್ಜಿ ನೆರೆಮನೆಗಳಿಂದ ಮೂವರು ಹೆಂಗಸರನ್ನು ಕೂಗಿ ಕರೆದು ಕೂರಿಸಿದಳು. ಈಗ ಆರು ಕಲ್ಲು, ಆರು ಕೈ. ಪಡಸಾಲೆ ಅದುರತೊಡಗಿತು. ಬಂದವರು ಬಾಯಿ ಮುಚ್ಚಿಕೊಂಡಿರುವವರಲ್ಲ.

“ಯಾಕೆ ಪುಟ್ಟಮ್ಮ, ಇವತ್ತೂ ಮಧುಗಿರಿಗೆ ಸವಾರಿನಾ? ಕಂಡಕ್ಟರ್ ನಿಮ್ಗೇಂತ ಸೀಟು ಇಕ್ಕವ್ನಂತೆ!”

“ಅಮ್ಮೋ... ಚಾಲಮ್ಮಾ, ಚಾಲು... ನನ್ನಿಂದಾಗಲ್ಲ,” ಎಂದಳು ಅತ್ತೆ, ಕಂಬವನ್ನು ಎರಡೂ ಕೈಯಲ್ಲಿ ಹಿಡಿದು.

“ನೋಡ್ರೇ, ಒಂದು ವರ್ಸ ಪಾವಗಡದಲ್ಲಿದ್ದು ಬಂದ್ಬುಟ್ಟು ಸಾಕು ಅನ್ನೋಕೂ ಚಾಲು ಅಂತಾವ್ಳೆ, ನೋವನ್ನೂ ತೆಲುಗಲ್ಲೇ ತಿಂತಾವ್ಳೆ!”

ಎಲ್ಲರೂ ನಕ್ಕರು. ಅತ್ತೆಯೂ ನಗಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದಾಗ ಮಾತಾಡಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಬೆಳಿಗ್ಗೆ ಅದೇ ನೋವು ಬಂದಾಗ ಅವಳು ನನ್ನ ಜೊತೆ ಮಾತಾಡಿದ್ದಳು. ನಾನು ಗೋಡೆ ನೋಡಿದೆ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತು, ಹದಿನಾರು, ಹದಿಮೂರು, ಹತ್ತು, ಹತ್ತು. ಅಮ್ಮನಿಗೆ ಹೇಳಿದೆ. ಅಮ್ಮ ಕಬ್ಬಿಣದ ತುಂಡನ್ನು ಕೆಳಗಿಟ್ಟಳು.

“ಅತ್ತೆಮ್ಮ, ನರ್ಸಮ್ಮ ಹೇಳಿದ್ದಕ್ಕಿಂತ ಹತ್ರ ಆಗೈತೆ. ಹೊರಡಾನ.”

“ಯಾವ ಹತ್ರ? ನಾನೂ ನೋಡ್ತಾನೇ ಇವ್ನಿ. ಬೆಳಗ್ಗೆ ಸೇರಿಗೊಂದು, ಈಗ್ಲೂ ಸೇರಿಗೊಂದು. ಒಂದು ಕಾಳು ಈಚೆ ಇಲ್ಲ, ಆಚೆ ಇಲ್ಲ. ಆ ಓರೆ ಗಡಿಯಾರದ ಮಾತ್ಕೇಳಿ ಊರೋರ್ ಮುಂದೆ ಮೂರ್ನೇ ಸಲ ನಗೆಪಾಟ್ಲಾಗ್ಲಾ?”

ಅಮ್ಮ ಕಬ್ಬಿಣದ ತುಂಡನ್ನು ಮತ್ತೆ ಎತ್ತಿಕೊಂಡಳು. ಗಡಿಯಾರ ಓದಲು ಬಾರದವಳು ಗಡಿಯಾರದ ಪರ ಎಷ್ಟು ಹೊತ್ತು ವಾದ ಮಾಡಿಯಾಳು? ಅಜ್ಜಿಯೇನು ಕಲ್ಲೆದೆಯವಳಲ್ಲ, ಮಗಳ ಬೆನ್ನು ಸವರುತ್ತಲೇ ಇದ್ದಳು, ಸಿದ್ದರಬೆಟ್ಟ ಹತ್ತುತ್ತೇನೆಂದು ಹರಕೆಯನ್ನೂ ಹೊತ್ತಿದ್ದಳು. ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ, ಅದಕ್ಕಿಂತ ಹೆಚ್ಚಾಗಿ ಸೇರಿನ ಮೇಲೆ. ಸೇರು ಯಾವತ್ತೂ ಅವಳಿಗೆ ಮೋಸ ಮಾಡಿರಲಿಲ್ಲ. ನಾನು ಅವಳ ಕೈಯಲ್ಲಿನ ಸೇರನ್ನೇ ನೋಡುತ್ತಾ ನಿಂತೆ. ಆರು ಕಡೆಯಿಂದ ಬೀಜ ಬಂದು ಬೀಳುತ್ತಿತ್ತು, ಸೇರು ತುಂಬುತ್ತಿತ್ತು, ಮೂಟೆಗೆ ಸುರಿಯುತ್ತಿದ್ದಳು. ಮತ್ತೆ ತುಂಬುತ್ತಿತ್ತು. ಬೆಳಿಗ್ಗೆ ಮೂರು ಕಡೆಯಿಂದ ಬೀಳುತ್ತಿದ್ದಾಗ ಸೇರು ತುಂಬಲು ಎಷ್ಟು ಹೊತ್ತಾಗುತ್ತಿತ್ತು? ಗೋಡೆಯ ಮೇಲೆ ಬರೆದಿತ್ತು: ಇಪ್ಪತ್ತು ನಿಮಿಷ. ಈಗ ಆರು ಕೈ ಸೇರಿ ಹತ್ತೇ ನಿಮಿಷ. ನೋವು ಓಡತೊಡಗಿತ್ತು, ಸೇರೂ ಅದರ ಜೊತೆಗೆ ಓಡುತ್ತಿತ್ತು. ಜೊತೆಯಲ್ಲಿ ಓಡುವವರಿಗೆ ಪಕ್ಕದವರು ನಿಂತಂತೆಯೇ ಕಾಣುತ್ತದೆ.

ಗಡಿಯಾರ ಹಿಡಿದು ಅಜ್ಜಿಯ ಮುಂದೆ ಕೂಗಾಡಿದ್ದರೆ ಒಂದೇಟು ಬೀಳುತ್ತಿತ್ತು, ಅಷ್ಟೆ. ಅದ್ಯಾವ ಗಳಿಗೆಯಲ್ಲಿ ನನಗೆ ಹಾಗೆ ಹೊಳೆಯಿತೋ, ನಾನು ಗಡಿಯಾರದ ಸುದ್ದಿಯನ್ನೇ ಬಿಟ್ಟೆ.

“ಅಜ್ಜಿ, ಒಂದು ಪಂದ್ಯ.”

“ಪಂದ್ಯ ಆಡೋ ಹೊತ್ತಾ ಇದು? ಓಗೇ ಅತ್ಲಾಗಿ.”

“ಒಂದೇ ಒಂದು ಸೇರು ಅಜ್ಜಿ. ಈ ಮೂರು ಜನ ಕೈ ನಿಲ್ಲಿಸ್ಲಿ. ಬೆಳಗ್ಗೆ ಇದ್ದಂಗೆ ನೀವು ಮೂರೇ ಜನ ಕುಟ್ರಿ. ಸೇರು ತುಂಬಿದ್ಮೇಲೆ ನೋವು ಬಂದ್ರೆ ನಾನೇ ಆ ಟೈಂಪೀಸ್ನ ಬಾವಿಗೆ ಎಸೀತೀನಿ. ತುಂಬೋಕ್ಮುಂಚೆ ಬಂದ್ರೆ ನೀನು ಏಳ್ಬೇಕು.”

ಟೈಂಪೀಸು ಬಾವಿಗೆ ಹೋಗುತ್ತದೆ ಎಂದಾಗ ಅಜ್ಜಿಯ ಕಣ್ಣು ಅರಳಿತು. ನೆರೆಯವರಿಗೆ ಕೈ ತೋರಿಸಿ ನಿಲ್ಲಿಸಿದಳು. ಅತ್ತೆಯ ನೋವು ಒಂದು ಆಗಷ್ಟೇ ಶುರುವಾಗಿತ್ತು. ಅಜ್ಜಿ ಖಾಲಿ ಸೇರನ್ನು ಮುಂದಿಟ್ಟುಕೊಂಡು ಕುಟ್ಟತೊಡಗಿದಳು. ಅಮ್ಮ, ಹನುಮಕ್ಕ ಕುಟ್ಟಿದರು. ಅಮ್ಮ ಬೇಕೆಂದೇ ನಿಧಾನ ಮಾಡುತ್ತಾಳೋ ಎಂದು ಅಜ್ಜಿ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಅಮ್ಮ ಹಣೆಯ ಬೆವರು ಒರೆಸದೆ ಕುಟ್ಟಿದಳು. ಹರಟುತ್ತಿದ್ದ ಹೆಂಗಸರು ಸೇರಿನ ಕಡೆಗೆ ಬಗ್ಗಿ ಕೂತರು. ನಾನು ಟೈಂಪೀಸಿನ ಕಡೆ ತಿರುಗಿಯೂ ನೋಡಲಿಲ್ಲ, ಅತ್ತೆಯ ಬೆರಳುಗಳನ್ನೇ ನೋಡಿದೆ. ನಾರು ಹಿಡಿದ ಬೆರಳು ಆಡುತ್ತಿತ್ತು, ಆಡುತ್ತಿತ್ತು, ನಿಂತಿತು. ಆಮೇಲೆ ಅವಳು ತುಟಿ ಕಚ್ಚಿ ಕಂಬಕ್ಕೆ ಹಣೆ ಒತ್ತಿದಳು.

ಅಜ್ಜಿ ಎಲ್ಲರ ಮುಂದಿನ ಬೀಜ ಬಳಿದು ಸೇರಿಗೆ ಹಾಕಿದಳು. ಅಂಗೈಯಿಂದ ಮಟ್ಟ ಮಾಡಿದಳು. ಅರ್ಧಕ್ಕೂ ಬಂದಿರಲಿಲ್ಲ. ಬಗ್ಗಿ ಇನ್ನೊಂದು ಸಲ ನೋಡಿದಳು. ಅಕ್ಕಪಕ್ಕ ಉಳಿದಿದ್ದ ನಾಲ್ಕು ಬೀಜವನ್ನೂ ಹೆಕ್ಕಿ ಹಾಕಿದಳು, ಅದರಿಂದೇನೋ ಆದೀತೆಂಬಂತೆ. ಆಮೇಲೆ ಸೇರನ್ನು ಅಲ್ಲೇ ಬಿಟ್ಟು ಎದ್ದಳು. ನಾನು ಕಂಡಂತೆ ತುಂಬದ ಸೇರು ಬಿಟ್ಟು ಅಜ್ಜಿ ಎದ್ದದ್ದು ಅದೇ ಮೊದಲು.

“ಲೇ ರತ್ನಿ, ಓಡು! ಸಾಬ್ರ ಟೆಂಪೋ ನಿಲ್ಸು!”

ಹನ್ನೆರಡರ ಬಸ್ಸು ಹೋಗಿಯಾಗಿತ್ತು, ಮುಂದಿನದು ನಾಲ್ಕಕ್ಕೆ. ನಾನು ಕೆಳಗಿನ ಬೀದಿಗೆ ಓಡಿದೆ. ಒಂದು ಪಂದ್ಯ ಗೆದ್ದ ಉಮೇದು ತಲೆಗೇರಿತ್ತು. ಟೆಂಪೋದ ಬಾಡಿಗೆಗೆ ಏನು ಕೊಡಬಹುದು ಎಂದು ಓಡುತ್ತಲೇ ಯೋಚಿಸಿ, ರಹಮತ್ ಸಾಬರ ಮುಂದೆ ಏದುಸಿರು ಬಿಡುತ್ತಾ ನಿಂತು, ಅತ್ತೆಗೆ ನೋವು ಬಂದಿದೆ, ಮಧುಗಿರಿಗೆ ಬಿಡಿ, ಬೇಕಾದರೆ ಟೈಂಪೀಸು ವಾಪಸ್ ತಗೊಳ್ಳಿ, ಕೋಳಿಯೂ ನಿಮಗೇ ಇರಲಿ ಎಂದೆ. ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅರೆ ಬೇಟಿ, ಎಲ್ಲಿ ಸೌದಾ ಮಾಡ್ಬೇಕು ಅಂತ ಕಲ್ತಿದೀಯ. ಎಲ್ಲಿ ಮಾಡ್ಬಾರ್ದು ಅಂತ್ಲೂ ಕಲಿ. ಗಾಡಿ ಹತ್ತು.”

ಅರ್ಧ ಹೇರಿದ್ದ ಮೂಟೆಗಳನ್ನು ಡ್ರೈವರ್ ಸಮ ಮಾಡಿ ಮೇಲೆ ಕಂಬಳಿ ಹಾಸಿದ. ಅತ್ತೆ ಎಡಮಗ್ಗುಲಾಗಿ ಮಲಗಿದಳು, ಅಮ್ಮ ತಲೆ ಕಡೆ, ಅಜ್ಜಿ ಕಾಲ ಕಡೆ. ಕುಲುಕಾಟಕ್ಕೆ ನನ್ನ ಮಡಿಲಲ್ಲಿದ್ದ ಟೈಂಪೀಸು ಊರು ದಾಟುವ ಮೊದಲೇ ನಿಂತುಹೋಯಿತು. ಸಾಬರು ಮುಂದಿನ ಸೀಟಿನಿಂದ ಕೈಗಡಿಯಾರ ಬಿಚ್ಚಿ ಹಿಂದಕ್ಕೆ ದಾಟಿಸಿದರು. ಎಂಟು ನಿಮಿಷ. ಏಳು. ಏಳು. ಪ್ರತಿ ಸಲವೂ ಅಜ್ಜಿ ಕೇಳಿದಳು: “ಏಟಾಯ್ತು ನೋಡ್ಲೇ?” ದಾರಿಯುದ್ದಕ್ಕೂ ಅವಳು ಸೇರಿನ ಮಾತೆತ್ತಲಿಲ್ಲ.

ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ ಇದ್ದರು. ಯಾವಾಗಿನಿಂದ ನೋವು, ಎಷ್ಟೆಷ್ಟು ಹೊತ್ತಿಗೆ, ಒಂದೊಂದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿದರು. ಅಜ್ಜಿ ನನ್ನ ಹೆಗಲು ಹಿಡಿದು ಮುಂದಕ್ಕೆ ತಳ್ಳಿದಳು.

“ನಮ್ ಉಡ್ಗಿ ಹೇಳ್ತಾಳೆ, ಕೇಳವ್ವ. ಅವ್ಳ್ ಲೆಕ್ಕ ಸರಿಯಾಗೈತೆ.”

ನಾನು ಬೆಳಗ್ಗಿನಿಂದ ಗೋಡೆಯ ಮೇಲೆ ಬರೆದದ್ದನ್ನೆಲ್ಲ ಮಗ್ಗಿಯಂತೆ ಒಪ್ಪಿಸಿದೆ, ತಡವರಿಸದೆ. ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಮಾತ್ರ ದಾರಿಯಲ್ಲಷ್ಟೇ ನೋಡಿದ್ದೆ: ಹತ್ತಿರ ಹತ್ತಿರ ಒಂದು ನಿಮಿಷ. ನರ್ಸಮ್ಮ ಅತ್ತೆಯನ್ನು ಒಳಗೆ ಕರೆದೊಯ್ದವರು ಡಾಕ್ಟರಮ್ಮನನ್ನು ಕರೆಯಲು ಓಡಿಬಂದರು. ನಾವು ಬೆಂಚಿನ ಮೇಲೆ ಕೂತೆವು. ಅಜ್ಜಿಯ ಕೈಗೆ ಕೆಲಸವಿರಲಿಲ್ಲ. ಹುಳಿಗೆ ಕಪ್ಪಾದ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಕೂತಳು. ನಾಲ್ಕು ಗಂಟೆಯ ಆಸುಪಾಸಿಗೆ ಮಗು ಕುಂಡೆ ಮುಂದಾಗಿ ಬಂತು. ಒಳಗೆ ಒಂದಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಅಮ್ಮ ನನ್ನ ಕೈ ಹಿಡಿದಿದ್ದ ಬಿಗಿ ಇವತ್ತಿಗೂ ನೆನಪಿದೆ. ಆಮೇಲೆ ಅಳು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ವಾರ್ಡಿಗೆಲ್ಲ. ಹೆಣ್ಣು. ಡಾಕ್ಟರಮ್ಮ ಹೊರಗೆ ಬಂದು, ನಾಲ್ಕರ ಬಸ್ಸಿಗೆ ಕಾದಿದ್ದರೆ ಮಗು ಮನೆಯಲ್ಲೋ ದಾರಿಯಲ್ಲೋ ಸಿಕ್ಕಿಕೊಳ್ಳುತ್ತಿತ್ತು, ನನ್ನಿಂದೇನೂ ಮಾಡಲಾಗುತ್ತಿರಲಿಲ್ಲ ಎಂದರು. ಅಜ್ಜಿ ಅವರಿಗೆ ಕೈ ಮುಗಿದು, ನನ್ನ ಕಡೆ ತಿರುಗಿ ಸೆರಗಿನ ಗಂಟು ಬಿಚ್ಚಿ ಬೋಂಡಕ್ಕೆ ಕಾಸು ಕೊಟ್ಟಳು.

ಆ ಮಗು ಈಗ ಕೊರಟಗೆರೆಯಲ್ಲಿ ಟೀಚರ್. ನನಗಿಂತ ಜೋರು ಬಾಯಿ. ನಾನು ಅಪ್ಪನ ಗುತ್ತಿಗೆ ಮರಗಳಿಂದ ಶುರುಮಾಡಿ ಮಧುಗಿರಿಯಲ್ಲಿ ಸ್ವಂತ ಶೆಡ್ಡು ಹಾಕಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದೇನೆ. ದೊಡ್ಡ ದೊಡ್ಡ ಮಂಡಿಯವರ ಜೊತೆ ಕೂತು ಚೌಕಾಸಿ ಮಾಡಿದ್ದೇನೆ. ಎದುರಿನವರನ್ನು ಒಪ್ಪಿಸಬೇಕಾದರೆ ನಿಮ್ಮ ಅಳತೆ ಹಿಡಿದು ಕೂಗಾಡಬೇಡಿ, ಅವರ ಅಳತೆಯಲ್ಲೇ ತೋರಿಸಿ. ನಾನು ಗೆದ್ದ ವ್ಯಾಪಾರವೆಲ್ಲ ಇದೊಂದರ ಮೇಲೆ ನಿಂತಿದೆ. ಸೋತವೆಲ್ಲ ಇದನ್ನು ಮರೆತಾಗ.

ನನ್ನ ಶೆಡ್ಡಿನಲ್ಲಿ ಹಣ್ಣು ಕುಟ್ಟುವ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ಇಬ್ಬರು ಮೂವರಾದರೂ ಬಸುರಿಯರಿರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಗಡಿಯಾರಕ್ಕೆ ಕೋಳಿ ಕೊಡಬೇಕಿಲ್ಲ. ಆದರೂ ಜನ ತಪ್ಪು ಎಣಿಸುತ್ತಾರೆ. ನೋವು ನಿಂತಾಗಿನಿಂದ ಎಣಿಸಬೇಡಿ. ಒಂದು ನೋವು ಶುರುವಾದ ಗಳಿಗೆಯಿಂದ ಮುಂದಿನದು ಶುರುವಾಗುವ ಗಳಿಗೆಯವರೆಗೆ ಎಣಿಸಿ. ಒಂದೊಂದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ನೋವು ತಿನ್ನುವವಳ ಕೈಗೇ ಎಣಿಕೆ ಕೊಡಬೇಡಿ. ಆ ಹೊತ್ತಿಗೆ ಬೇರೆ ಕೆಲಸವಿಲ್ಲದ ಒಬ್ಬರನ್ನು ಕೂರಿಸಿ. ಒಂದೆರಡು ನೋವು ನೋಡಿ ತೀರ್ಮಾನ ಮಾಡಬೇಡಿ, ಒಂದು ಗಂಟೆಯದ್ದು ನೋಡಿ: ಹತ್ತಿರವಾಗುತ್ತಿದೆಯೇ, ಉದ್ದವಾಗುತ್ತಿದೆಯೇ, ನೋವು ಹಿಡಿದಿರುವಾಗ ಅವಳಿಗೆ ಮಾತಾಡಲು ಆಗುತ್ತದೆಯೇ. ಎಷ್ಟು ನಿಮಿಷಕ್ಕೆ ಹೊರಡಬೇಕು ಎಂಬುದನ್ನು ಎಂಟನೇ ತಿಂಗಳಲ್ಲೇ ಡಾಕ್ಟರನ್ನು ಕೇಳಿ ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಆಸ್ಪತ್ರೆಯ ಪಕ್ಕದ ಬೀದಿಯವಳ ಲೆಕ್ಕವೇ ಬೇರೆ, ಹಳ್ಳಿಯವಳ ಲೆಕ್ಕವೇ ಬೇರೆ; ಮಗು ಅಡ್ಡವಿದ್ದರೆ, ತಲೆ ಮೇಲಿದ್ದರೆ, ಹಿಂದೆ ಆಪರೇಷನ್ ಆಗಿದ್ದರೆ ಇನ್ನೂ ಬೇರೆ.

ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ದಿನ ತುಂಬುವ ಮೊದಲೇ ನೋವು ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ ಎಣಿಸುತ್ತಾ ಕೂರಲೇಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ. ಇದ್ಯಾವುದೂ ಇಲ್ಲದೆ ಬರೀ ಅನುಮಾನವಿದ್ದರೂ ಹೋಗಿ ತೋರಿಸಿಕೊಂಡು ಬನ್ನಿ. ಇನ್ನೂ ಹೊತ್ತಿದೆ ಎಂದು ವಾಪಸ್ ಕಳಿಸಿದರೆ ಬಸ್ಸಿನವರು ನಗುತ್ತಾರೆ, ಬೀದಿಯವರು ಆಡಿಕೊಳ್ಳುತ್ತಾರೆ. ನಗಲಿ ಬಿಡಿ. ಎರಡು ಸಲ ವಾಪಸ್ ಬಂದವರು ಮೂರನೇ ಸಲವೂ ಹೊರಡಬೇಕು, ಮೂರು ಸಲ ಬಂದವರು ನಾಲ್ಕನೇ ಸಲವೂ.